ಬಳಸಿದ ಪಾದರಕ್ಷೆಗಳ ಮರುಮಾರಾಟ ಮತ್ತು ಜೀವನೋಪಾಯ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಒಬ್ಬರು ಬಳಸಿ ಬಿಟ್ಟ ಪಾದರಕ್ಷೆಗಳನ್ನು ಸಂಗ್ರಹಿಸಿ, ಶುಚಿಗೊಳಿಸಿ, ದುರಸ್ತಿ ಮಾಡಿ ಮತ್ತೊಬ್ಬರಿಗೆ ಮಾರುವುದು ಅಭಿವೃದ್ಧಿಶೀಲ ರಾಷ್ಟ್ರಗಳ ನಗರಗಳಲ್ಲಿ ಬಹುಸಂಖ್ಯೆಯ ಕುಟುಂಬಗಳ ಜೀವನಾಧಾರವಾಗಿರುತ್ತದೆ. ನಮ್ಮಲ್ಲಿ ಇದನ್ನು ಗುಜರಿ ವ್ಯಾಪಾರದ ಒಂದು ಅಂಗವೆಂದು ಪರಿಗಣಿಸುವುದು ರೂಢಿ. ಇನ್ನೊಬ್ಬರು ಮೆಟ್ಟಿದ್ದನ್ನು ಮೆಟ್ಟಬಾರದೆಂಬ ನಂಬಿಕೆಯೂ, ಪಾದರಕ್ಷೆಯ ಕೆಲಸಕ್ಕೆ ಸಮಾಜವು ಅಂಟಿಸಿದ ಜಾತಿಯ ಕಳಂಕವೂ ಸೇರಿ, ಸದರಿ ವ್ಯಾಪಾರವು ಗೌರವದ ವೃತ್ತಿಯೆಂದು ಎಣಿಕೆಯಾಗಿಲ್ಲ. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದಲ್ಲಿ ಇದು ಖರೀದಿ, ಸಂಸ್ಕರಣೆ, ಮಾರಾಟ, ನಷ್ಟಭಯ ಎಲ್ಲವನ್ನೂ ಒಳಗೊಂಡ ಪೂರ್ಣ ಪ್ರಮಾಣದ ವ್ಯಾಪಾರವೇ ಆಗಿರುತ್ತದೆ.

ಈ ವ್ಯಾಪಾರವು ಅತ್ಯಂತ ವಿಸ್ತಾರವಾಗಿ ಬೆಳೆದಿರುವುದು ಆಫ್ರಿಕಾ ಖಂಡದಲ್ಲಿ. ಆದ್ದರಿಂದ ಈ ಲೇಖನದಲ್ಲಿ ಮುಖ್ಯವಾಗಿ ಕೀನ್ಯಾ ದೇಶದ ಅನುಭವವನ್ನು ವಿವರಿಸಿ, ನಂತರ ಭಾರತದಲ್ಲಿ ಜಾರಿಯಲ್ಲಿರುವ ನಿಯಮಗಳನ್ನು ಹಾಗೂ ನಮ್ಮ ರಾಜ್ಯದ ಬೀದಿಬದಿ ವ್ಯಾಪಾರಿಗಳಿಗೆ ಲಭ್ಯವಿರುವ ಸೌಲಭ್ಯಗಳನ್ನು ತಿಳಿಸಲಾಗಿದೆ.

ಸರಕು ಸಾಗಿಬರುವ ಬಗೆ

ಪೂರ್ವ ಆಫ್ರಿಕಾದಲ್ಲಿ ಹಳೆಯ ಬಟ್ಟೆ ಹಾಗೂ ಪಾದರಕ್ಷೆಗಳನ್ನು ‘ಮಿಟುಂಬಾ’ ಎಂದು ಕರೆಯುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ಈ ಪದಕ್ಕೆ ಮೂಟೆಗಳು ಎಂದು ಅರ್ಥ. ಸರಕಿನ ಹೆಸರೇ ಅದನ್ನು ಕಟ್ಟಿ ತರುವ ಮೂಟೆಯಿಂದ ಬಂದಿದೆ. ಜಾಂಬಿಯಾದಲ್ಲಿ ಇದೇ ಸರಕಿಗೆ ‘ಸಲಾವುಲಾ’ ಎಂದೂ, ಹೈಟಿಯಲ್ಲಿ ‘ಪೆಪೆ’ ಎಂದೂ ಹೆಸರಿದೆ.

ಯುರೋಪು, ಅಮೆರಿಕ, ಕೆನಡಾ ಮುಂತಾದ ದೇಶಗಳಲ್ಲಿ ದಾನದ ಪೆಟ್ಟಿಗೆಗಳ ಮೂಲಕ ಅಥವಾ ಮನೆಗಳಿಂದ ಸಂಗ್ರಹವಾದ ಬಟ್ಟೆ ಮತ್ತು ಪಾದರಕ್ಷೆಗಳು ಮೊದಲು ವಿಂಗಡಣಾ ಘಟಕಗಳನ್ನು ತಲುಪುತ್ತವೆ. ಪಾದರಕ್ಷೆಯ ವಿಂಗಡಣೆಯಲ್ಲಿ ಬಟ್ಟೆಗಿಲ್ಲದ ಒಂದು ತೊಡಕಿದೆ: ಜೊತೆ ತಪ್ಪಿದ ಒಂಟಿ ಬೂಟಿಗೆ ಬೆಲೆಯೇ ಇಲ್ಲ. ಆದ್ದರಿಂದ ಎಡ ಬಲ ಎರಡನ್ನೂ ಲೇಸಿನಿಂದಲೋ ರಬ್ಬರಿನ ಪಟ್ಟಿಯಿಂದಲೋ ಬಿಗಿದು ಕಟ್ಟಿದ ನಂತರವೇ ಚೀಲಕ್ಕೆ ತುಂಬಲಾಗುತ್ತದೆ. ಮಾರಾಟ ನಡೆಯುವುದು ತೂಕದ ಮೇಲೆ. ಇತ್ತೀಚಿನ ವರ್ಷಗಳಲ್ಲಿ ಚೀನಾ ಮತ್ತು ಪಾಕಿಸ್ತಾನಗಳಿಂದಲೂ ಗಣನೀಯ ಪ್ರಮಾಣದ ಸರಕು ಕೀನ್ಯಾಕ್ಕೆ ಬರುತ್ತಿದೆ. ಹಳೆಯ ಸರಕೆಂದರೆ ಪಾಶ್ಚಾತ್ಯ ದೇಶಗಳ ಉಳಿಕೆ ಎಂಬ ಭಾವನೆ ಪೂರ್ಣ ನಿಜವಲ್ಲ.

ಮೊಂಬಾಸಾ ಬಂದರಿನಲ್ಲಿ ಇಳಿದ ಸರಕು ಆಮದುದಾರರ ಗೋದಾಮಿನಿಂದ ಸಗಟು ವ್ಯಾಪಾರಿಗಳಿಗೆ, ಅವರಿಂದ ಚಿಲ್ಲರೆಯವರಿಗೆ, ಚಿಲ್ಲರೆಯವರಿಂದ ಹಳ್ಳಿಯ ಸಂತೆಯ ಮಾರಾಟಗಾರರಿಗೆ ಹಂತ ಹಂತವಾಗಿ ಸಾಗುತ್ತದೆ. ರಾಜಧಾನಿ ನೈರೋಬಿಯ ಗಿಕೊಂಬಾ ಮಾರುಕಟ್ಟೆ ಇದರ ಕೇಂದ್ರಸ್ಥಾನ. ಅಲ್ಲಿ ಮೂಟೆ ಒಡೆಯುವ ಹೊತ್ತಿಗೆ ಚಿಲ್ಲರೆ ವ್ಯಾಪಾರಿಗಳು ಸುತ್ತ ನೆರೆದಿರುತ್ತಾರೆ. ಮೊದಲ ಆಯ್ಕೆಯ ಉತ್ತಮ ಜೊತೆಗಳಿಗೆ ಅಲ್ಲಿಯ ಆಡುನುಡಿಯಲ್ಲಿ ‘ಕ್ಯಾಮೆರಾ’ ಎಂದು ಹೆಸರು. ಎಲ್ಲರೂ ಆರಿಸಿ ಬಿಟ್ಟ ಕೊನೆಯ ರಾಶಿಯು ‘ಫಾಗಿಯಾ’, ಅಂದರೆ ಗುಡಿಸಿದ್ದು. ಒಂದೇ ಮೂಟೆಯ ಸರಕು ಬೆಳಿಗ್ಗೆ ಒಂದು ಬೆಲೆಗೂ, ಸಂಜೆ ಅದರ ಕಾಲುಭಾಗದ ಬೆಲೆಗೂ ಮಾರಾಟವಾಗುವುದು ಅಲ್ಲಿ ಸಾಮಾನ್ಯ. ನಮ್ಮ ಸಂತೆಗಳಲ್ಲಿ ತರಕಾರಿಯ ಗತಿಯೂ ಇದೇ ಅಲ್ಲವೇ.

ನೈರೋಬಿಯ ಅರ್ಥಶಾಸ್ತ್ರ ಸಂಸ್ಥೆಯೊಂದು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2019ರಲ್ಲಿ ಕೀನ್ಯಾ ದೇಶವು ಸುಮಾರು 1,85,000 ಟನ್ ಹಳೆಯ ಬಟ್ಟೆಗಳನ್ನು ಆಮದು ಮಾಡಿಕೊಂಡಿತ್ತು.

ಮೂಟೆಯ ಲೆಕ್ಕ

ಈ ವ್ಯಾಪಾರದ ಲಾಭ ನಷ್ಟಗಳ ಗುಟ್ಟು ಮೂಟೆಯಲ್ಲಿ ಅಡಗಿದೆ. ಮುಚ್ಚಿದ ಮೂಟೆಯನ್ನು ಕೊಳ್ಳುವವರು ಒಳಗಿರುವುದನ್ನು ನೋಡದೆಯೇ ಪೂರ್ಣ ಹಣ ಕೊಡಬೇಕಾಗುತ್ತದೆ. ಓದುಗರ ತಿಳಿವಳಿಕೆಗಾಗಿ ನಮ್ಮ ರೂಪಾಯಿಯಲ್ಲಿಯೇ ಒಂದು ಕಾಲ್ಪನಿಕ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ; ಇದು ಉದಾಹರಣೆ ಮಾತ್ರ, ಯಾವುದೇ ಮಾರುಕಟ್ಟೆಯ ದರವಲ್ಲ.

25 ಕಿಲೋಗ್ರಾಂ ತೂಕದ ಒಂದು ಮೂಟೆಯಲ್ಲಿ 30 ಜೊತೆ ಇದ್ದು, ಅದರ ಬೆಲೆ ರೂ. 9,000 ಎಂದು ಭಾವಿಸೋಣ. ಹಮಾಲಿ ಹಾಗೂ ಸಾಗಾಣಿಕೆಗೆ ರೂ. 250, ತೊಳೆಯುವುದು, ಅಂಟು, ಹೊಲಿಗೆ, ಪಾಲಿಷ್‌ಗೆ ರೂ. 600, ಸ್ಥಳ ಬಾಡಿಗೆ ಹಾಗೂ ದಾಸ್ತಾನಿಗೆ ರೂ. 300, ಹೀಗೆ ಒಟ್ಟು ಖರ್ಚು ರೂ. 1,150. ಮೂಟೆಯಲ್ಲಿ ಮೊದಲ ದರ್ಜೆಯ 8 ಜೊತೆ ತಲಾ ರೂ. 650ಕ್ಕೆ, ಎರಡನೆಯ ದರ್ಜೆಯ 14 ಜೊತೆ ತಲಾ ರೂ. 350ಕ್ಕೆ, ಮೂರನೆಯ ದರ್ಜೆಯ 6 ಜೊತೆ ತಲಾ ರೂ. 120ಕ್ಕೆ ಮಾರಾಟವಾಗಿ, ಉಳಿದ 2 ಜೊತೆ ನಿರುಪಯುಕ್ತವಾದವು ಎಂದುಕೊಂಡರೆ ಒಟ್ಟು ಬಂದ ಹಣ ರೂ. 10,820. ಅಸಲು, ಖರ್ಚು ಕಳೆದು ಕೈಯಲ್ಲಿ ಉಳಿಯುವುದು ರೂ. 670. ಅದೇ ಮೂಟೆಯಲ್ಲಿ ಮೊದಲ ದರ್ಜೆಯವು 8ರ ಬದಲು 4 ಮಾತ್ರ ಇದ್ದು, ಮಿಕ್ಕ 4 ಮೂರನೆಯ ದರ್ಜೆಗೆ ಇಳಿದರೆ ಬರುವ ಹಣ ರೂ. 8,700. ಆಗ ವ್ಯಾಪಾರಿಗೆ ರೂ. 1,450 ನಷ್ಟ. ನಾಲ್ಕೇ ಜೊತೆಗಳ ವ್ಯತ್ಯಾಸದಿಂದ ಲಾಭವು ಅಳಿದು ಅಸಲಿಗೇ ಕೈ ಬೀಳುತ್ತದೆ. ಈ ನಷ್ಟವನ್ನು ತುಂಬಿಕೊಳ್ಳಲು ದಿನಬಡ್ಡಿಯ ಕೈಸಾಲ ಮಾಡಿದವರು ಮುಂದಿನ ಎರಡು ಮೂರು ಮೂಟೆಗಳ ಲಾಭವನ್ನು ಬಡ್ಡಿಗೇ ಕಟ್ಟಬೇಕಾಗುತ್ತದೆ.

ಇದೇ ಕಾರಣಕ್ಕೆ ಬಂಡವಾಳ ಕಡಿಮೆ ಇರುವವರು, ವಿಶೇಷವಾಗಿ ಮಹಿಳೆಯರು, ಮೂಟೆ ಕೊಳ್ಳದೆ ಒಡೆದ ಮೂಟೆಯಿಂದ ಹತ್ತು ಹದಿನೈದು ಜೊತೆ ಆರಿಸಿ ತಂದು ಮಾರುತ್ತಾರೆ. ಜೊತೆಯೊಂದಕ್ಕೆ ಹೆಚ್ಚು ಬೆಲೆ ಕೊಡಬೇಕಾದರೂ ಏನು ಕೊಳ್ಳುತ್ತಿದ್ದೇವೆಂಬುದು ಅವರಿಗೆ ತಿಳಿದಿರುತ್ತದೆ. ಮೂಟೆಯಲ್ಲಿ ಲಾಭ ಹೆಚ್ಚೆಂದು ಹೇಳುವವರ ಮಾತಿಗಿಂತ ಈ ಕ್ರಮವೇ ಹೊಸಬರಿಗೆ ಸುರಕ್ಷಿತವೆಂಬುದು ನಮ್ಮ ಅಭಿಪ್ರಾಯ.

ಒಂದು ಜೊತೆಯ ಹಿಂದಿರುವ ಕೈಗಳು

ಹಳೆಯ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿದರೆ ಮುಗಿಯಿತು. ಪಾದರಕ್ಷೆಯಲ್ಲಿ ಕೆಲಸ ಹೆಚ್ಚು, ಆದ್ದರಿಂದ ಕೂಲಿಯೂ ಹೆಚ್ಚು ಜನರಿಗೆ ಹಂಚಿಕೆಯಾಗುತ್ತದೆ. ಮೂಟೆ ಹೊರುವವರು, ಬ್ರಷ್ ಹಾಕಿ ತೊಳೆಯುವವರು, ಬಣ್ಣ ಕೊಡುವವರು, ಬಿಟ್ಟುಹೋದ ಅಟ್ಟೆಯನ್ನು ಅಂಟಿಸಿ ದಬ್ಬಳದಲ್ಲಿ ಹೊಲಿಯುವವರು, ಲೇಸು ಮತ್ತು ಒಳಪದರ ಮಾರುವವರು, ಕೊನೆಗೆ ರಸ್ತೆಬದಿಯಲ್ಲಿ ಹರಡಿ ಕೂರುವವರು, ಇವರೆಲ್ಲರ ಸಂಪಾದನೆ ಒಂದೇ ಜೊತೆಯಿಂದ ಬರುತ್ತದೆ. ಕೀನ್ಯಾದಲ್ಲಿ ಇಂತಹ ಅಸಂಘಟಿತ ಕಸುಬುಗಳಿಗೆ ‘ಜುವಾ ಕಾಲಿ’ ಎಂಬ ಹೆಸರಿದೆ. ಅದರ ಅರ್ಥ ಸುಡುಬಿಸಿಲು. ಸೂರಿಲ್ಲದೆ ಬಿಸಿಲಿನಲ್ಲಿ ಕುಳಿತು ದುಡಿಯುವವರು ಎಂಬ ಭಾವ. ಪೂರ್ತಿ ಹಾಳಾದ ಪಾದರಕ್ಷೆಯ ಗಟ್ಟಿ ಭಾಗವನ್ನು ಮತ್ತೊಂದರ ದುರಸ್ತಿಗೆ ಬಳಸುವುದೂ ಉಂಟು.

ಕೊಳ್ಳುವವರ ದೃಷ್ಟಿಯಿಂದಲೂ ಇದರ ಪ್ರಯೋಜನವನ್ನು ಗಮನಿಸಬೇಕು. ಬರಿಗಾಲಿನಲ್ಲಿ ನಡೆಯುವವರಿಗೆ ಮಣ್ಣಿನ ಮೂಲಕ ಕೊಕ್ಕೆಹುಳು ಸೋಂಕುವ ಅಪಾಯವಿರುತ್ತದೆ. ಇಥಿಯೋಪಿಯಾದ ಎತ್ತರದ ಪ್ರದೇಶಗಳಲ್ಲಿ ಜ್ವಾಲಾಮುಖಿಯಿಂದಾದ ಕೆಂಪು ಮಣ್ಣಿನ ಮೇಲೆ ವರ್ಷಾನುಗಟ್ಟಲೆ ಬರಿಗಾಲಲ್ಲಿ ನಡೆಯುವ ರೈತರಿಗೆ ಪೊಡೊಕೊನಿಯೋಸಿಸ್ ಎಂಬ ಕಾಲು ಊದುವ ರೋಗ ಬರುತ್ತದೆ. ನೋಡಲು ಆನೆಕಾಲು ರೋಗದಂತಿದ್ದರೂ ಇದು ಸೊಳ್ಳೆಯಿಂದ ಬರುವುದಲ್ಲ. ಪಾದರಕ್ಷೆ ಧರಿಸುವುದು ಮತ್ತು ಕಾಲು ತೊಳೆಯುವುದೇ ಇದನ್ನು ತಡೆಯುವ ಮುಖ್ಯ ಉಪಾಯ. ಹೊಸ ಬೂಟು ಕೊಳ್ಳಲಾಗದ ಮನೆಗೆ ಹಳೆಯ ಬೂಟು ತಲುಪುವುದು ಕೇವಲ ಅನುಕೂಲದ ಮಾತಲ್ಲ.

ಈ ವ್ಯಾಪಾರಿಗಳ ಜೀವನಕ್ಕೆ ಭದ್ರತೆ ಬಹಳ ಕಡಿಮೆ. ಗಿಕೊಂಬಾ ಮಾರುಕಟ್ಟೆ ಹಲವು ಸಲ ಬೆಂಕಿಗೆ ಆಹುತಿಯಾಗಿದೆ. 2018ರ ಜೂನ್ ತಿಂಗಳಿನ ಅಗ್ನಿ ಅನಾಹುತದಲ್ಲಿ ಜೀವಹಾನಿಯೂ ಸಂಭವಿಸಿತು. ಘಾನಾ ದೇಶದ ಅಕ್ರಾ ನಗರದ ಕಾಂತಮಾಂತೋ ಮಾರುಕಟ್ಟೆಯ ಬಹುಭಾಗ 2025ರ ಜನವರಿ ಮೊದಲ ವಾರದಲ್ಲಿ ಸುಟ್ಟುಹೋಯಿತು. ಮರದ ಮಳಿಗೆ, ಬಟ್ಟೆ, ರಬ್ಬರು, ಇಕ್ಕಟ್ಟಾದ ದಾರಿ, ಇವೆಲ್ಲ ಒಂದೆಡೆ ಇರುವಾಗ ಅಗ್ನಿಶಾಮಕ ವಾಹನ ಒಳಗೆ ಹೋಗುವುದೇ ಕಷ್ಟ. ವಿಮೆ ಇಲ್ಲದ ವ್ಯಾಪಾರಿಯ ಇಡೀ ಬಂಡವಾಳ ಒಂದು ರಾತ್ರಿಯಲ್ಲಿ ಬೂದಿಯಾಗುತ್ತದೆ.

ಆಕ್ಷೇಪಣೆಗಳು ಮತ್ತು ನಿರ್ಬಂಧಗಳು

ಹಳೆಯ ಸರಕಿನ ಆಮದಿನಿಂದ ಸ್ಥಳೀಯ ಉದ್ದಿಮೆಗಳು ನಲುಗುತ್ತವೆ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಗಾರ್ತ್ ಫ್ರೇಜರ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1981ರಿಂದ 2000ದ ವರೆಗೆ ಆಫ್ರಿಕಾದ ಸಿದ್ಧ ಉಡುಪು ಉತ್ಪಾದನೆಯಲ್ಲಾದ ಕುಸಿತದ ಸುಮಾರು ಶೇ. 40ರಷ್ಟಕ್ಕೂ, ಆ ಉದ್ದಿಮೆಯ ಉದ್ಯೋಗ ಕುಸಿತದ ಸುಮಾರು ಶೇ. 50ರಷ್ಟಕ್ಕೂ ಹಳೆಯ ಬಟ್ಟೆಗಳ ಆಮದೇ ಕಾರಣವೆಂದು ಅಂದಾಜಿಸಿದ್ದರು. ಇದು ಬಟ್ಟೆಗೆ ಸಂಬಂಧಿಸಿದ ಅಂಕಿ. ಅದನ್ನು ಹಾಗೆಯೇ ಪಾದರಕ್ಷೆಗೆ ಅನ್ವಯಿಸುವುದು ಸರಿಯಲ್ಲ. ಏಕೆಂದರೆ ಅಗ್ಗದ ಪ್ಲಾಸ್ಟಿಕ್ ಹಾಗೂ ರಬ್ಬರಿನ ಹೊಸ ಚಪ್ಪಲಿಗಳ ಆಮದೂ ಅಲ್ಲಿಯ ಚರ್ಮ ಕುಶಲಕರ್ಮಿಗಳಿಗೆ ಪೈಪೋಟಿಯಾಗಿದೆ.

2016ರಲ್ಲಿ ಪೂರ್ವ ಆಫ್ರಿಕಾ ಸಮುದಾಯದ ರಾಷ್ಟ್ರಗಳು ಹಳೆಯ ಬಟ್ಟೆ ಮತ್ತು ಪಾದರಕ್ಷೆಗಳ ಆಮದನ್ನು 2019ರ ಹೊತ್ತಿಗೆ ಹಂತ ಹಂತವಾಗಿ ನಿಲ್ಲಿಸಲು ತೀರ್ಮಾನಿಸಿದವು. ಅಮೆರಿಕದ ಹಳೆಯ ಬಟ್ಟೆ ವ್ಯಾಪಾರಿಗಳ ಸಂಘವು ಇದರ ವಿರುದ್ಧ ತನ್ನ ಸರ್ಕಾರಕ್ಕೆ ಮನವಿ ಸಲ್ಲಿಸಿತು. ಅಮೆರಿಕದ ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದ ಸುಂಕ ವಿನಾಯಿತಿ ಕೈತಪ್ಪುವ ಭಯದಿಂದ ಕೀನ್ಯಾ ಮೊದಲು ಹಿಂದೆ ಸರಿಯಿತು. ರುವಾಂಡಾ ಮಾತ್ರ ಹಳೆಯ ಬಟ್ಟೆಗಳ ಸುಂಕವನ್ನು ಕಿಲೋ ಒಂದಕ್ಕೆ 0.20 ಡಾಲರಿನಿಂದ 2.50 ಡಾಲರಿಗೆ ಏರಿಸಿದ ತನ್ನ ನಿರ್ಧಾರದಲ್ಲಿ ಗಟ್ಟಿಯಾಗಿ ನಿಂತಿತು. ಪರಿಣಾಮವಾಗಿ 2018ರ ಜುಲೈ ಅಂತ್ಯದಿಂದ ಆ ದೇಶದ ಸಿದ್ಧ ಉಡುಪುಗಳಿಗಿದ್ದ ವಿನಾಯಿತಿಯನ್ನು ಅಮೆರಿಕವು ಅಮಾನತುಗೊಳಿಸಿತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಕೀನ್ಯಾ ಸರ್ಕಾರವು ಆರೋಗ್ಯದ ಕಾರಣ ನೀಡಿ ಮಿಟುಂಬಾ ಆಮದನ್ನು ನಿಲ್ಲಿಸಿ, ಅದೇ ಆಗಸ್ಟ್‌ನಲ್ಲಿ ಮತ್ತೆ ಅನುಮತಿಸಿತು. ಆ ಅವಧಿಯಲ್ಲಿ ದಾಸ್ತಾನು ಮುಗಿದ ಸಣ್ಣ ವ್ಯಾಪಾರಿಗಳಿಗೆ ಬೇರೆ ದಾರಿ ಇರಲಿಲ್ಲ.

ಉಚಿತವಾಗಿ ಹಂಚುವುದಕ್ಕಿಂತ ಮಾರುವುದೇ ಲೇಸೇ ಎಂಬ ಪ್ರಶ್ನೆಯೂ ಇದೆ. ಎಲ್ ಸಾಲ್ವಡಾರ್ ದೇಶದ ಹಳ್ಳಿಗಳಲ್ಲಿ ಮಕ್ಕಳಿಗೆ ಹೊಸ ಬೂಟುಗಳನ್ನು ಉಚಿತವಾಗಿ ಹಂಚಿ ನಡೆಸಿದ ಅಧ್ಯಯನವೊಂದರಲ್ಲಿ, ಹಂಚಿದ ಪ್ರತಿ 20 ಜೊತೆಗೆ ಸ್ಥಳೀಯ ಖರೀದಿ ಸುಮಾರು 1 ಜೊತೆಯಷ್ಟು ಮಾತ್ರ ಕಡಿಮೆಯಾಗಿದ್ದು ಕಂಡುಬಂದಿತು. ಅಂಗಡಿಗಳಿಗಾದ ಹಾನಿ ಅಲ್ಪ. ಆದರೆ ಬೂಟು ಪಡೆದ ಮಕ್ಕಳಲ್ಲಿ, ನಮ್ಮ ಕುಟುಂಬದ ಅಗತ್ಯಗಳನ್ನು ಹೊರಗಿನವರೇ ಪೂರೈಸಬೇಕೆನ್ನುವವರ ಪ್ರಮಾಣ ಇತರ ಮಕ್ಕಳಿಗಿಂತ ಹೆಚ್ಚಾಗಿತ್ತು. ಅಮೆರಿಕದ ಸೋಲ್ಸ್‌ಫಾರ್‌ಸೋಲ್ಸ್‌ನಂತಹ ಸಂಸ್ಥೆಗಳು ಸಂಗ್ರಹಿಸಿದ ಹಳೆಯ ಪಾದರಕ್ಷೆಗಳನ್ನು ಕೇವಲ ಹಂಚದೆ ಹೈಟಿ ಮುಂತಾದ ದೇಶಗಳ ಸಣ್ಣ ವ್ಯಾಪಾರಿಗಳಿಗೆ ಮಾರಾಟಕ್ಕಾಗಿ ಒದಗಿಸುವ ಕ್ರಮವನ್ನೂ ಅನುಸರಿಸುತ್ತಿವೆ.

ಭಾರತದಲ್ಲಿ ಅನ್ವಯವಾಗುವ ನಿಯಮಗಳು

ಅಂತರರಾಷ್ಟ್ರೀಯ ಸುಂಕ ವರ್ಗೀಕರಣದಲ್ಲಿ ಬಳಸಿದ ಪಾದರಕ್ಷೆಗಳು ಹೊಸ ಪಾದರಕ್ಷೆಗಳ 64ನೇ ಅಧ್ಯಾಯಕ್ಕೆ ಸೇರುವುದಿಲ್ಲ. ಸವೆತ ಎದ್ದು ಕಾಣುವಂತಿದ್ದು, ಮೂಟೆ, ಚೀಲ ಅಥವಾ ಸಡಿಲ ರಾಶಿಯ ರೂಪದಲ್ಲಿ ಬಂದಲ್ಲಿ ಅವು ಹಳೆಯ ಬಟ್ಟೆಗಳೊಂದಿಗೆ 6309 ಎಂಬ ಶೀರ್ಷಿಕೆಯಡಿ ಬರುತ್ತವೆ. ಭಾರತದ ಆಮದು ನೀತಿಯಲ್ಲಿ ಸದರಿ ಶೀರ್ಷಿಕೆಯ ಸರಕು ನಿರ್ಬಂಧಿತ ವರ್ಗದಲ್ಲಿದ್ದು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಇಲ್ಲದೆ ಆಮದು ಮಾಡಿಕೊಳ್ಳುವಂತಿಲ್ಲ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ಹಳೆಯ ಬಟ್ಟೆಗಳನ್ನು ತರಿಸಿ, ವಿಂಗಡಿಸಿ, ಮರುರಫ್ತು ಮಾಡುವ ಘಟಕಗಳಿವೆ. ವಿದೇಶಿ ಬೂಟಿನ ಮೂಟೆಗಳನ್ನು ಕಡಿಮೆ ಬೆಲೆಗೆ ತಲುಪಿಸುವುದಾಗಿ ದೂರವಾಣಿ ಮೂಲಕ ಮುಂಗಡ ಕೇಳುವವರ ವಿಷಯದಲ್ಲಿ ವ್ಯಾಪಾರಿಗಳು ಎಚ್ಚರದಿಂದಿರತಕ್ಕದ್ದು. ಸರಕಿನ ಆಮದು ದಾಖಲೆ ಕೇಳಿ, ತೋರಿಸದಿದ್ದಲ್ಲಿ ಹಣ ಕೊಡಬಾರದು.

ನಮ್ಮ ರಾಜ್ಯದಲ್ಲಿ ಹಳೆಯ ಪಾದರಕ್ಷೆಯ ಸರಕು ಬರುವುದು ಮುಖ್ಯವಾಗಿ ದೇಶದೊಳಗಿನಿಂದಲೇ: ಮನೆಗಳಿಂದ, ಗುಜರಿ ಅಂಗಡಿಗಳಿಂದ. ಬೆಂಗಳೂರಿನ ಭಾನುವಾರದ ಬೀದಿ ಬಜಾರಿನಲ್ಲಿ ಕಾಣುವ ರಾಶಿಯಲ್ಲಿ ಹಳೆಯವುಗಳ ಜೊತೆಗೆ ಕಾರ್ಖಾನೆಯಲ್ಲಿ ತಿರಸ್ಕೃತವಾದ ಹೊಸ ಸರಕೂ ಬೆರೆತಿರುತ್ತದೆ. ಮನೆ ಬಾಗಿಲಿನಿಂದಲೂ ದೇವಸ್ಥಾನದ ಮುಂದಿನಿಂದಲೂ ಪಾದರಕ್ಷೆ ಕಳವಾಗುವುದು ಎಲ್ಲರಿಗೂ ತಿಳಿದ ಸಂಗತಿ. ಕಳವಿನ ಮಾಲೆಂದು ತಿಳಿದೂ ಪಡೆಯುವುದು ಭಾರತೀಯ ನ್ಯಾಯ ಸಂಹಿತೆ, 2023ರ 317ನೇ ಕಲಂ ಪ್ರಕಾರ ಅಪರಾಧವಾಗಿದೆ. ಆದ್ದರಿಂದ ಯಾರಿಂದ, ಎಂದು, ಎಷ್ಟು ಜೊತೆ, ಯಾವ ಬೆಲೆಗೆ ಕೊಂಡದ್ದು ಎಂಬುದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುವುದು ಪ್ರಾಮಾಣಿಕ ವ್ಯಾಪಾರಿಗೇ ರಕ್ಷಣೆ.

ಸರಕುಗಳ ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರದ ವ್ಯಾಪಾರಿಗಳು ರಾಜ್ಯದೊಳಗಿನ ಮಾರಾಟಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಪಡೆಯಬೇಕಾಗಿಲ್ಲ. ನೋಂದಾಯಿತ ವ್ಯಾಪಾರಿಗಳು 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 32(5)ನೇ ನಿಯಮವನ್ನು ಗಮನಿಸಬಹುದು. ಬಳಸಿದ ಸರಕನ್ನು ಹಾಗೆಯೇ ಅಥವಾ ಅದರ ಸ್ವರೂಪ ಬದಲಾಗದಂತಹ ಸಣ್ಣ ಸಂಸ್ಕರಣೆ ಮಾಡಿ ಮಾರಿದಲ್ಲಿ, ಖರೀದಿಯ ಮೇಲೆ ಹುಟ್ಟುವಳಿ ತೆರಿಗೆ ಜಮೆ ಪಡೆದಿರದಿದ್ದರೆ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಲೆಕ್ಕ ಹಾಕಲಾಗುತ್ತದೆ. ಖರೀದಿ ದಾಖಲೆ ಇಲ್ಲದವರು ಈ ಅನುಕೂಲವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಕೊಳ್ಳುವಾಗ ಪರೀಕ್ಷಿಸಬೇಕಾದ ಅಂಶ

ಹೊರನೋಟಕ್ಕೆ ಹೊಸದರಂತೆ ಕಾಣುವ ಬೂಟು ಕೆಲವೊಮ್ಮೆ ವಾರದಲ್ಲೇ ಪುಡಿಯಾಗುತ್ತದೆ. ಪಾಲಿಯುರೆಥೇನ್ ಅಟ್ಟೆಯು ಗಾಳಿಯ ತೇವಾಂಶದಿಂದ ಒಳಗೊಳಗೇ ಶಿಥಿಲವಾಗುವುದು ಇದಕ್ಕೆ ಕಾರಣ. ಧರಿಸದೆ ಪೆಟ್ಟಿಗೆಯಲ್ಲಿಟ್ಟರೂ ಈ ಕ್ರಿಯೆ ನಿಲ್ಲುವುದಿಲ್ಲ. ಅಟ್ಟೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಬಗ್ಗಿಸಿ ನೋಡಬೇಕು. ಬಿರುಕು ಬಿಟ್ಟರೆ ಅಥವಾ ಅಂಟಂಟಾಗಿದ್ದರೆ ಕೊಳ್ಳಬಾರದು. ಹದಗೊಳಿಸಿದ ರಬ್ಬರಿನ ಅಟ್ಟೆ ಹಾಗೂ ಹೊಲಿಗೆ ಇರುವ ಚರ್ಮದ ಬೂಟು ದುರಸ್ತಿಗೆ ಹೆಚ್ಚು ಒಗ್ಗುತ್ತವೆ. ಹಳೆಯ ಒಳಪದರವನ್ನು ತೆಗೆದು ಹಾಕಿ, ಸೋಪಿನ ನೀರಿನಲ್ಲಿ ಉಜ್ಜಿ, ಸಂಪೂರ್ಣ ಒಣಗಿಸಿ ಹೊಸ ಒಳಪದರ ಹಾಕಿದ ನಂತರವೇ ಮಾರುವುದು ಸೂಕ್ತ. ಕಾಲ್ಬೆರಳ ಸಂದಿಯ ಶಿಲೀಂಧ್ರ ಸೋಂಕು ಹಸಿ ಬೂಟಿನಿಂದ ಹರಡುತ್ತದೆ.

ಬೀದಿಬದಿ ವ್ಯಾಪಾರಿಗಳಿಗೆ ಲಭ್ಯವಿರುವ ಸೌಲಭ್ಯಗಳು

ಬೀದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಅಧಿನಿಯಮ, 2014 ಹಳೆಯ ಸರಕು, ಹೊಸ ಸರಕು ಎಂಬ ಭೇದ ಮಾಡುವುದಿಲ್ಲ. ಪಟ್ಟಣ ವ್ಯಾಪಾರ ಸಮಿತಿಯು ಕನಿಷ್ಠ ಐದು ವರ್ಷಗಳಿಗೊಮ್ಮೆ ನಡೆಸುವ ಸಮೀಕ್ಷೆಯಲ್ಲಿ ಗುರುತಿಸಲ್ಪಟ್ಟವರು ವ್ಯಾಪಾರ ಪ್ರಮಾಣಪತ್ರಕ್ಕೆ ಅರ್ಹರು. ಪ್ರಮಾಣಪತ್ರ ಪಡೆಯುವವರು ತಾವು ಅಥವಾ ತಮ್ಮ ಕುಟುಂಬದವರೇ ವ್ಯಾಪಾರ ಮಾಡುವುದಾಗಿಯೂ, ಬೇರೆ ಜೀವನೋಪಾಯ ಇಲ್ಲವೆಂದೂ ಮುಚ್ಚಳಿಕೆ ನೀಡತಕ್ಕದ್ದು. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ.

ಬಂಡವಾಳಕ್ಕಾಗಿ 2020ರ ಜೂನ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಡಿ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು ಪರಿಷ್ಕರಿಸಿ ಸಾಲದ ಅವಧಿಯನ್ನು 2030ರ ಮಾರ್ಚ್ 31ರ ವರೆಗೆ ವಿಸ್ತರಿಸಲಾಗಿದೆ. ಮೊದಲ ಕಂತಿನಲ್ಲಿ ರೂ. 15,000, ಅದನ್ನು ತೀರಿಸಿದ ನಂತರ ರೂ. 25,000, ಮೂರನೆಯದರಲ್ಲಿ ರೂ. 50,000ದ ವರೆಗೆ ಪಡೆಯಬಹುದು. ಸಕಾಲದಲ್ಲಿ ಮರುಪಾವತಿಸಿದವರಿಗೆ ಶೇ. 7ರ ಬಡ್ಡಿ ಸಹಾಯಧನವಿದೆ. ದಿನಬಡ್ಡಿಯ ಕೈಸಾಲದೊಂದಿಗೆ ಹೋಲಿಸಿದಾಗ ಈ ವ್ಯತ್ಯಾಸ ಎಷ್ಟೆಂಬುದು ಮೇಲಿನ ಮೂಟೆಯ ಲೆಕ್ಕವನ್ನು ನೋಡಿದವರಿಗೆ ತಿಳಿಯುತ್ತದೆ. ಸಮೀಕ್ಷೆಯಿಂದ ಬಿಟ್ಟುಹೋದವರು ಪಟ್ಟಣ ವ್ಯಾಪಾರ ಸಮಿತಿ ಅಥವಾ ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಪಡೆದು ಅರ್ಜಿ ಸಲ್ಲಿಸಬಹುದು. ದುರಸ್ತಿ ಕೆಲಸ ಮಾಡುವ ಚರ್ಮ ಕುಶಲಕರ್ಮಿಗಳು ತಮಗೆ ಅನ್ವಯಿಸುವ ಇತರ ಯೋಜನೆಗಳಿಗಾಗಿ ಡಾ. ಬಾಬು ಜಗಜೀವನ್‌ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು (ಲಿಡ್‌ಕರ್) ವಿಚಾರಿಸುವುದು.

ವ್ಯಾಪಾರಿಯನ್ನು ಸ್ಥಳಾಂತರಿಸುವ ಅಥವಾ ತೆರವುಗೊಳಿಸುವ ಮೊದಲು 30 ದಿನಗಳ ನೋಟಿಸು ನೀಡಬೇಕೆಂದು ಅಧಿನಿಯಮದ 18ನೇ ಪ್ರಕರಣವು ತಿಳಿಸುತ್ತದೆ. ಸರಕು ವಶಪಡಿಸಿಕೊಂಡಲ್ಲಿ 19ನೇ ಪ್ರಕರಣದಂತೆ ಅದರ ಪಟ್ಟಿಯ ಪ್ರತಿಯನ್ನು ವ್ಯಾಪಾರಿಗೆ ಕೊಡತಕ್ಕದ್ದು. ಪಾದರಕ್ಷೆಗಳು ಕೆಡದ ಸರಕಾದ್ದರಿಂದ ವ್ಯಾಪಾರಿಯು ಕೋರಿಕೆ ಸಲ್ಲಿಸಿದ ಎರಡು ಕೆಲಸದ ದಿನಗಳೊಳಗೆ ಹಿಂತಿರುಗಿಸಬೇಕಾಗುತ್ತದೆ. ಪಟ್ಟಿ ಪಡೆಯುವಾಗ ಚೀಲಗಳ ಸಂಖ್ಯೆಯನ್ನಲ್ಲದೆ ಜೊತೆಗಳ ಸಂಖ್ಯೆಯನ್ನೂ ಬರೆಸಿಕೊಳ್ಳುವುದು. ಕೋರಿಕೆಯನ್ನು ಲಿಖಿತವಾಗಿ ಎರಡು ಪ್ರತಿಗಳಲ್ಲಿ ಸಲ್ಲಿಸಿ, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಪಡೆದಿಟ್ಟುಕೊಳ್ಳತಕ್ಕದ್ದು. ಎರಡು ದಿನಗಳ ಎಣಿಕೆ ಆರಂಭವಾಗುವುದು ಆ ಕೋರಿಕೆಯಿಂದಲೇ.